ಕ್ವಾಯರ್‌ನಲ್ಲಿ ನಾವು ಹಾಡುವುದು ಯಾತಕ್ಕೆ?

ಗದಗ ಕೀಬೋರ್ಡ್: ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಹತ್ತು ವರ್ಷದಿಂದ ಚರ್ಚ್ ಸಭೆಯ ಹಾಡಿನ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ಹೋದ ಭಾನುವಾರ ನಮ್ಮ ಕಡೆಗಿದ್ದ ಮಾನಿಟರ್ ಸ್ಪೀಕರ್ ಕೆಟ್ಟಿತ್ತು. ನಮ್ಮ ಸದ್ದು ನಮಗೆ ಕೇಳದಾಗ ಎದುರಿಗಿರುವ ಜನರ ಸದ್ದಾದರೂ ಕೇಳಬೇಕಲ್ವಾ? ಅದೂ ಇಲ್ಲ. ಎಲ್ಲರೂ ಸುಮ್ನೆ ನಿಂತು ನಮ್ಮನ್ನೇ ನೋಡುತ್ತಿದ್ದರು. ನಾವು ಆರು ಜನ ಹಾಡಿ ಇಳಿದೆವು. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಈ ಸೇವೆ ಯಾತಕ್ಕೆ ಮಾಡುತ್ತಿದ್ದೇವೆ?

ಧಾರವಾಡ ತಬಲಾ: ಬ್ರದರ್, ನನ್ನ ಚಿಂತೆ ಬೇರೆ. ತಾಲೀಮಿಗೆ ಬಾರದೆ ಭಾನುವಾರ ಬೆಳಿಗ್ಗೆ ಬಂದು ಮೈಕ್ ಹಿಡಿಯುವವರು ಜಾಸ್ತಿ ಆಗಿದ್ದಾರೆ. ಕೇಳಿದರೆ ದೇವರು ಹೃದಯ ನೋಡ್ತಾನೆ ಅಂತಾರೆ. ಬೈಬಲ್ಲಿನ ಒಂದನೇ ಪೂರ್ವಕಾಲವೃತ್ತಾಂತ 25ನೇ ಅಧ್ಯಾಯ ಓದಿ. ದೇವರ ಮನೆಯ ಹಾಡಿಗೆ ಅಂತ ಇದ್ದವರು 288 ಮಂದಿ, ಎಲ್ಲರೂ ಕಲಿತವರು. ಗುರು ಶಿಷ್ಯ ಅಂತ ಭೇದ ಮಾಡದೆ ಚೀಟು ಹಾಕಿ ಸರದಿ ಹಂಚಿಕೊಂಡರು. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಹಾಡಿದ ನೆಲ ನಮ್ಮದು. ಸುರ ಸೇರದ ಹಾಡನ್ನು ಭಕ್ತಿ ಅಂತ ಕರೆದು ಸುಮ್ಮನಾಗಲು ನನ್ನಿಂದ ಆಗಲ್ಲ.

ಹಾವೇರಿ ಅಕ್ಕ: ತಾಲೀಮು ಬೇಕೇ ಬೇಕು ತಮ್ಮಾ. ಆದ್ರೆ ಅದು ಯಾರಿಗೆ ಉಪಯೋಗಕ್ಕೆ ಬರುತ್ತೆ ಅಂತ ನಾನು ಆಸ್ಪತ್ರೆಯಲ್ಲಿ ನೋಡಿದೆ. ನಮ್ಮವ್ವ ಅಕ್ಷರ ಕಲಿತವಳಲ್ಲ. ಕೊನೆಯ ತಿಂಗಳು ನನ್ನ ಹೆಸರೂ ಮರೆತಿದ್ದಳು. ರಾತ್ರಿ ನೋವು ಜಾಸ್ತಿ ಆದಾಗ ಮಂಚದ ಕಂಬಿಗೆ ಬೆರಳಿನಿಂದ ತಾಳ ಹಾಕುತ್ತಾ ಹಾಡುವಳು, ನಾಲ್ಕು ಚರಣ, ಒಂದು ಪದವೂ ತಪ್ಪದೆ. ಸಭೆಯಲ್ಲಿ ಕೇಳಿದ ಬೋಧನೆ ಒಂದೂ ನೆನಪಿರಲಿಲ್ಲ, ವಾರವಾರ ಸಭೆಯಲ್ಲಿ ಹಾಡಿದ್ದು ಮಾತ್ರ ಉಳಿದಿತ್ತು. ಕಿಟೆಲ್ ಅಂದ ಕೂಡಲೇ ನಮಗೆಲ್ಲ 1894ರ ನಿಘಂಟು ನೆನಪಾಗುತ್ತೆ. ಅದಕ್ಕೂ 32 ವರ್ಷ ಮೊದಲೇ, 1862ರಲ್ಲಿ, ಯೇಸುವಿನ ಕಥೆಯನ್ನು ಅವರು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ' ಅಂತ ಬರೆದಿದ್ದರು. ಓದು ಬಾರದವರ ಕೈಗೆ ನಾವು ಕೊಡುವ ಬೈಬಲ್ಲು ಹಾಡೇ. ಜನ ಬಾಯಿ ಮುಚ್ಚಿ ನಿಂತರೆ ಮನೆಗೆ ಏನು ಒಯ್ಯುತ್ತಾರೆ?

ಹುಬ್ಬಳ್ಳಿ ಗಿಟಾರ್: ಅಕ್ಕಾ, ಓದಿ ಕಣ್ಣು ತುಂಬಿತು. ಆದರೂ ಬಾಯಲ್ಲಿ ಉಳಿದರೆ ಸಾಕಾ? ನಿಮ್ಮ ಹಾಡಿನ ಗದ್ದಲ ನನಗೆ ಬೇಡ, ನ್ಯಾಯ ನೀರಿನ ಹಾಗೆ ಹರಿಯಲಿ ಅಂತ ಆಮೋಸ 5ನೇ ಅಧ್ಯಾಯದಲ್ಲಿ ದೇವರೇ ಹೇಳಿದ್ದಾನಲ್ಲ. ನಮ್ಮ ತಂಡದಲ್ಲಿ ಇಬ್ಬರು ಆರು ತಿಂಗಳು ಒಬ್ಬರಿಗೊಬ್ಬರು ಮಾತಾಡದೆ ಒಂದೇ ಮೈಕಿಗೆ ಹಾಡಿದರು. ಅವರಲ್ಲಿ ಒಬ್ಬ ನಾನು. ಸುರ ತಾಳ ಎಲ್ಲ ಸರಿ ಇತ್ತು. ಕರ್ತನ ಭೋಜನದ ಆರಾಧನೆಯ ಹಿಂದಿನ ರಾತ್ರಿ ತಡೆಯಲಾಗದೆ ಅವನ ಮನೆಗೆ ಹೋದೆ. ಬಾಗಿಲು ತೆರೆದವನು ಒಳಗೆ ಬಾ ಅಂದ, ಅಷ್ಟೇ. ಆ ಭಾನುವಾರ ನಾನು ಹಾಡಿದ್ದು ಬೇರೆ ಥರ ಇತ್ತು, ಅದನ್ನು ಹೇಗೆ ವಿವರಿಸಬೇಕೋ ತಿಳಿಯದು.

ಧಾರವಾಡ ತಬಲಾ: ನೀವು ಹೇಳಿದ್ದು ನನಗೂ ತಟ್ಟಿತು. ಗದಗದ ಬ್ರದರ್, ಒಂದು ಕೇಳ್ತೀನಿ. ಅವತ್ತಿನ ಹಾಡು ಯಾವ ಸ್ಕೇಲ್?

ಗದಗ ಕೀಬೋರ್ಡ್: ಎ. ಲೀಡ್ ಹಾಡುವವನ ಗಂಟಲಿಗೆ ಅದೇ ಸರಿ ಬರುತ್ತೆ.

ಧಾರವಾಡ ತಬಲಾ: ಅವನೊಬ್ಬನಿಗೆ ಸರಿ. ಉಳಿದವರಿಗೆ ಅಷ್ಟು ಮೇಲೆ ಹೋಗಲು ಆಗುತ್ತಾ? ಇಳಿಸಿ ನೋಡಿ.

ಗದಗ ಕೀಬೋರ್ಡ್: ಇವತ್ತು ಆರಾಧನೆ ಮುಗಿಸಿ ಬಂದು ಬರೆಯುತ್ತಿದ್ದೇನೆ. ಟ್ರಾನ್ಸ್‌ಪೋಸ್ ಬಟನ್ ನಾಲ್ಕು ಸಲ ಒತ್ತಿ ಎಫ್‌ಗೆ ಇಳಿಸಿದೆ. ಲೀಡ್ ಹಾಡುವವನಿಗೆ ಮೊದಲು ಬೇಜಾರಾಯಿತು, ಅವನ ದನಿ ಅಷ್ಟು ಎದ್ದು ಕೇಳಲಿಲ್ಲ. ಎರಡನೇ ಚರಣಕ್ಕೆ ಮೂರನೇ ಬೆಂಚಿನ ಅಜ್ಜಿ ಕಣ್ಣು ಮುಚ್ಚಿ ಶುರು ಮಾಡಿದರು. ಆಮೇಲೆ ಅವರ ಹಿಂದಿನ ಸಾಲು. ಕೊನೆಯ ಚರಣಕ್ಕೆ ನಾನು ಕೀಬೋರ್ಡಿನಿಂದ ಕೈ ತೆಗೆದೆ, ಹಾಡು ನಿಲ್ಲಲಿಲ್ಲ. ಅಕ್ಕಾ, ನಿಮ್ಮವ್ವ ಹಾಡುತ್ತಿದ್ದ ಹಾಡನ್ನು ಅದೇ ಧಾಟಿಯಲ್ಲಿ ಹಾಡಿ ರೆಕಾರ್ಡ್ ಮಾಡಿ ಕಳಿಸ್ತೀರಾ? ಶನಿವಾರದ ತಾಲೀಮಿಗೆ ತಗೊಳ್ತೀವಿ.