ಪದಚರ್ಚೆ: ಪೊಲೀಸಿಂಗ್, ಶೇಪಿಂಗ್ ಎರಡಕ್ಕೂ ‘ವೇಗಮಿತಿ’ ಸಾಕಾ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸಕ್ಕೆ ಹೊಸದಾಗಿ ಸೇರುವ ಡಿಪ್ಲೊಮಾ ಹುಡುಗ ಹುಡುಗಿಯರಿಗೆ ಸ್ವಿಚ್‌ಗಳ (ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗಳ) ಬಗ್ಗೆ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಕ್ವಾಲಿಟಿ ಆಫ್ ಸರ್ವಿಸ್ (ಯಾವ ಟ್ರಾಫಿಕ್‌ಗೆ ಎಷ್ಟು ಆದ್ಯತೆ ಅನ್ನುವ ಏರ್ಪಾಡು) ಅಧ್ಯಾಯದಲ್ಲಿ ಎರಡು ಪದ ಕಾಡುತ್ತಿವೆ: ಪೊಲೀಸಿಂಗ್, ಶೇಪಿಂಗ್. ಕೆಲಸದ ಜಾಗದಲ್ಲಿ ಎರಡಕ್ಕೂ ‘ರೇಟ್ ಲಿಮಿಟ್ ಹಾಕು’ ಅಂತಲೇ ಹೇಳುತ್ತೇವೆ. ಬರೆಯುವಾಗ ಅದು ‘ವೇಗಮಿತಿ’ ಆಗಿಬಿಡುತ್ತದೆ. ಇದು ಸಾಲದು ಅಂತ ನನಗನಿಸುತ್ತದೆ. ಎರಡೂ ಮಿತಿ ಹಾಕುತ್ತವೆ, ನಿಜ. ಆದರೆ ಮಿತಿ ಮೀರಿ ಬಂದ ಪ್ಯಾಕೆಟ್‌ನ (ಡೇಟಾದ ಒಂದು ತುಣುಕಿನ) ಗತಿ ಏನು ಅನ್ನುವುದರಲ್ಲೇ ವ್ಯತ್ಯಾಸ ಇರುವುದು.

ಪೋರ್ಟ್‌ಗೆ 10 ಎಂಬಿಪಿಎಸ್ ಪೊಲೀಸಿಂಗ್ ಹಾಕಿದ್ದೀರಿ ಅಂದುಕೊಳ್ಳಿ. ಮೀರಿದ ಪ್ಯಾಕೆಟ್ ಅಲ್ಲೇ ಡ್ರಾಪ್. ಇಲ್ಲವೇ ಅದರ ಡಿಎಸ್‌ಸಿಪಿ ಗುರುತು (ಪ್ಯಾಕೆಟ್‌ನ ದರ್ಜೆ ಹೇಳುವ ಅಂಕಿ) ಬದಲಿಸಿ, ದರ್ಜೆ ಇಳಿಸಿ ಮುಂದಕ್ಕೆ ಬಿಡುತ್ತದೆ. ಕಾಯಿಸುವ ಮಾತೇ ಇಲ್ಲ. ಶೇಪಿಂಗ್ ಹಾಗಲ್ಲ. ಹೆಚ್ಚಾಗಿ ಬಂದದ್ದನ್ನು ಕ್ಯೂನಲ್ಲಿ ನಿಲ್ಲಿಸಿಕೊಂಡು, ಆಮೇಲೆ ಬಿಡುತ್ತದೆ. ಅದಕ್ಕೇ ಅದನ್ನು ಹೊರಹೋಗುವ ಕಡೆ ಹಾಕುತ್ತಾರೆ. ಪೊಲೀಸಿಂಗ್ ಒಳಬರುವ ಕಡೆಯೂ ನಡೆಯುತ್ತದೆ. ಡ್ರಾಪ್ ಆದರೆ ಟಿಸಿಪಿ (ಡೇಟಾ ಪೂರ್ತಿ ತಲುಪುವಂತೆ ನೋಡಿಕೊಳ್ಳುವ ನಿಯಮಾವಳಿ) ಮತ್ತೆ ಕಳಿಸಬೇಕು, ವೇಗವನ್ನೂ ತಗ್ಗಿಸಿಕೊಳ್ಳುತ್ತದೆ. ಬರ್ಸ್ಟ್‌ಗೆ (ಒಮ್ಮೆಲೇ ನುಗ್ಗಿ ಬರುವ ಪ್ಯಾಕೆಟ್ ಗುಂಪಿಗೆ) ಬಿಡುವ ಅಳತೆ ತೀರಾ ಚಿಕ್ಕದಿಟ್ಟರೆ ಡೌನ್‌ಲೋಡ್ ಆ 10ನ್ನು ಮುಟ್ಟುವುದೇ ಇಲ್ಲ. ಶೇಪಿಂಗ್‌ನಲ್ಲಿ ಪ್ಯಾಕೆಟ್ ಉಳಿಯುತ್ತದೆ, ಆದರೆ ತಡ ಆಗುತ್ತದೆ. ಫೋನ್ ಮಾತಿಗೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು. ‘ವೇಗಮಿತಿ ಹಾಕಿದೆ’ ಅಂತ ಓದಿದವರಿಗೆ ಇದರಲ್ಲಿ ಏನು ತಿಳಿಯಬೇಕು ಹೇಳಿ?

ಶೇಪಿಂಗ್‌ಗೆ ನನಗೆ ಹೊಳೆದದ್ದು ‘ತೂಬುಹರಿವು’. ಕೆರೆಯಲ್ಲಿ ನೀರು ನಿಲ್ಲುತ್ತದೆ, ತೂಬಿನಿಂದ ಬೇಕಾದಷ್ಟೇ ಹರಿಯುತ್ತದೆ. ಕ್ಯೂ ತುಂಬಿ ಹೊಸ ಪ್ಯಾಕೆಟ್ ಬಿದ್ದುಹೋದರೆ ‘ಕೋಡಿ ಬಿತ್ತು’ ಅನ್ನಬಹುದು. (ಕೆರೆಗಳನ್ನೇ ಬಡಾವಣೆ ಮಾಡಿಕೊಂಡ ಊರಿನ ಮಕ್ಕಳಿಗೆ ತೂಬು ಅಂದರೆ ಗೊತ್ತಾಗುತ್ತದಾ ಅನ್ನುವುದು ಬೇರೆ ಪ್ರಶ್ನೆ!)

ಪೇಚಾಟ ಇರುವುದು ಪೊಲೀಸಿಂಗ್‌ನಲ್ಲಿ. ಕೋಡಿಯನ್ನೇ ಇದಕ್ಕೂ ಬಳಸಿ ಅಂತ ಗೆಳೆಯರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಕೋಡಿ ಬೀಳಬೇಕಾದರೆ ಮೊದಲು ಕೆರೆ ತುಂಬಬೇಕು, ಇಲ್ಲಿ ಕೆರೆಯೇ ಇಲ್ಲ. ಟೋಕನ್ ಬಕೆಟ್ (ವೇಗ ಅಳೆಯಲು ಸ್ವಿಚ್ ಇಟ್ಟುಕೊಳ್ಳುವ ಲೆಕ್ಕದ ಬುಟ್ಟಿ) ಇದೆಯಲ್ಲ ಅಂದರೆ, ಅದರಲ್ಲಿ ತುಂಬುವುದು ಟೋಕನ್, ಪ್ಯಾಕೆಟ್ ಅಲ್ಲ. ‘ಕಾವಲು’, ‘ಪಹರೆ’ ಅಂದರೆ ಫೈರ್‌ವಾಲ್ ನೆನಪಾಗುತ್ತದೆ. ‘ಕತ್ತರಿ’ ಚುರುಕಾದ ಪದ, ಆದರೆ ಗುರುತು ಬದಲಿಸಿ ಬಿಡುವುದಕ್ಕೆ ಅದು ಕೂರುವುದಿಲ್ಲ.

ಬರ್ಸ್ಟ್‌ಗೆ ‘ಸ್ಫೋಟ’ ಅಂತೂ ಬೇಡವೇ ಬೇಡ, ಸ್ವಿಚ್ ಸಿಡಿಯಿತು ಅಂದುಕೊಂಡಾರು. ಸದ್ಯಕ್ಕೆ ‘ದಿಢೀರ್ ಹರಿವು’ ಅಂತ ಹಾಕಿದ್ದೇನೆ.

ಪೊಲೀಸಿಂಗ್‌ಗೆ ನನಗೆ ಬೇಕಿರುವುದು ಡ್ರಾಪ್ ಮಾಡುವುದನ್ನೂ ದರ್ಜೆ ಇಳಿಸುವುದನ್ನೂ ಹಿಡಿಯುವ ಒಂದೇ ಪದ. ‘ಈ ಪೋರ್ಟ್‌ನಲ್ಲಿ ವಿಡಿಯೊ ಟ್ರಾಫಿಕ್ಕನ್ನು ... ಲಾಗಿದೆ’ ಅನ್ನುವ ಸಾಲಿನಲ್ಲಿ ಕ್ರಿಯಾಪದವಾಗಿಯೂ ನಡೆಯಬೇಕು. ಹಳ್ಳಿ ಕಡೆಯ ಮಾತಾದರೂ ಸರಿ, ಹೇಳಿ.