ಅಳಿವೆಯಲ್ಲಿ ಒಂದು ದಿನದ ದೋಣಿ ಪ್ರಯಾಣ: ಶರಾವತಿಯೋ, ಅಘನಾಶಿನಿಯೋ? ಹೋಗಿ ಬಂದವರು ಹೇಳಿ

ಪ್ರಶ್ನೆ, ತುಮಕೂರಿನಿಂದ:
ಕಾಲೇಜಿನ ಹಳೆಯ ಗೆಳೆಯರು ಒಂಬತ್ತು ಮಂದಿ ಜನವರಿಯಲ್ಲಿ ಸೇರುತ್ತಿದ್ದೇವೆ. ಬೆಳಿಗ್ಗೆ ಹತ್ತಿ ಸಂಜೆ ಇಳಿಯುವಂತೆ ಇಡೀ ದಿನ ಅಳಿವೆಯಲ್ಲಿ, ಹೊಳೆ ಕಡಲು ಸೇರುವ ಕಡೆ, ದೋಣಿಯಲ್ಲೇ ಕಳೆಯಬೇಕೆಂಬ ಆಸೆ. ಹೊನ್ನಾವರದ ಶರಾವತಿ ಒಳ್ಳೆಯದೋ, ಕುಮಟಾ ಕಡೆಯ ಅಘನಾಶಿನಿಯೋ? ಒಬ್ಬನಿಗೆ ಈಚೆಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ. ಅವನನ್ನು ಬಿಟ್ಟು ಹೋಗುವ ಮನಸ್ಸಿಲ್ಲ.

ಬೆಂಗಳೂರಿನಿಂದ:
ಕಳೆದ ಡಿಸೆಂಬರಿನಲ್ಲಿ ಎಂಟು ಜನ ಹೊನ್ನಾವರಕ್ಕೆ ಹೋಗಿದ್ದೆವು. ಲೆಕ್ಕ ಬರೆದಿಟ್ಟುಕೊಂಡಿದ್ದೇನೆ, ಓದಿ. ಆರು ತಾಸಿನ ದೋಣಿ ಬಾಡಿಗೆ 7,000. ಬೆಳಿಗ್ಗೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಸುತ್ತಿದ್ದು, ರೈಲು ಸೇತುವೆಯ ಕೆಳಗೆ ಹಾದದ್ದು ಎಲ್ಲವೂ ಚೆನ್ನಾಗಿತ್ತು. ಮೂರೂವರೆಗೆ ಮಾವಿನಕುರ್ವೆಯ ಹತ್ತಿರ ದೋಣಿ ಮರಳದಿಬ್ಬದ ಮೇಲೆ ಕೂತಿತು. ಎಂಜಿನ್ ಎತ್ತಿದರು, ಜಲ್ಲೆ ಹಾಕಿ ನೂಕಿದರು, ನಾವು ನಾಲ್ವರು ಇಳಿದು ನೂಕಿದೆವು, ಮೊಣಕಾಲಿನವರೆಗೆ ಕೆಸರು. ಒಂದು ಗೇಣೂ ಕದಲಲಿಲ್ಲ. ಮತ್ತೆ ತೇಲಿದ್ದು ಆರೂಮುಕ್ಕಾಲಿಗೆ. ನಿಂತ ಹೊತ್ತಿಗೂ ಬಾಡಿಗೆ ಕೇಳಿ 3,600 ತೆಗೆದುಕೊಂಡರು! ದಡ ಮುಟ್ಟುವಷ್ಟರಲ್ಲಿ ಏಳೂವರೆಯ ಬಸ್ ಹೊರಟುಹೋಗಿತ್ತು. ಎಂಟು ಟಿಕೆಟು, 1,150ರಂತೆ 9,200 ನೀರುಪಾಲು. ರಾತ್ರಿಗೆ ಎರಡು ಕೋಣೆ, 3,600. ಒಟ್ಟು 23,400, ತಲೆಗೆ 2,925. ಮಾರನೆಯ ದಿನದ ಬಸ್ಸಿನ ಖರ್ಚು ಇದರಲ್ಲಿ ಸೇರಿಲ್ಲ. ನೀವೂ ಹೋಗಿ ಅನುಭವಿಸಿ.

ಹೊನ್ನಾವರದಿಂದ:
ಮಾರಾಯರೇ, ಹೋಗುವ ಮೊದಲು ಮನೆಯ ಪಂಚಾಂಗ ನೋಡಿದ್ದಿರಾ? ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನಮ್ಮ ಕಡೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಡಲ ಉಬ್ಬರಕ್ಕೆ ನೀರು ತುಂಬುತ್ತದೆ, ಆಮೇಲೆ ಸಂಜೆ ಐದರವರೆಗೆ ಇಳಿಯುತ್ತಲೇ ಹೋಗುತ್ತದೆ. ಇಳಿಯುವಾಗ ಕೂತ ದೋಣಿ ಮತ್ತೆ ಅಷ್ಟೇ ನೀರು ಏರುವವರೆಗೆ ಏಳುವುದಿಲ್ಲ. ಇದು ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ನಿಮ್ಮ ದೋಣಿಯವನು "ಎರಡು ಗಂಟೆಗೆ ಹೊರಡೋಣ" ಎಂದು ಹೇಳಿಯೇ ಇರುತ್ತಾನೆ. ಫೋಟೊ ಮುಗಿಯಲಿಲ್ಲ ಎಂದು ನೀವೇ ತಡೆದಿರುತ್ತೀರಿ. ನನ್ನ ಭಾವ ಇದೇ ಕೆಲಸ ಮಾಡುತ್ತಾನೆ. ಮಳೆಗಾಲವಿಡೀ ದೋಣಿ ದಡದ ಮೇಲೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಬೆಂಗಳೂರಿನಿಂದ:
ಅವರು ಒಂದು ಮಾತೂ ಹೇಳಲಿಲ್ಲ. ನೀವು ಆ ದೋಣಿಯಲ್ಲಿ ಇದ್ದಿರಾ? ನೀರಿನ ಲೆಕ್ಕ ತಿಳಿದಿರಬೇಕಾದವರು ಹಣ ಪಡೆಯುವವರು, ಹಣ ಕೊಡುವವರಲ್ಲ.

ಶಿರಸಿಯಿಂದ:
ಅಘನಾಶಿನಿಗೆ ಹೋಗಿ, ಬೇರೆ ಯೋಚನೆಯೇ ಬೇಡ. ಆ ಹೊಳೆಗೆ ಅಣೆಕಟ್ಟಿಲ್ಲ. 2024ರಲ್ಲಿ ಅದರ ಅಳಿವೆ ರಾಮ್ಸಾರ್ ಪಟ್ಟಿಗೂ, ಅಂದರೆ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೂ, ಸೇರಿದೆ. ತದಡಿಯಿಂದ ಗೆಳತಿಯರು ಆರು ಮಂದಿ ಹೊರಟೆವು, ದಿನಕ್ಕೆ 5,500 ಎಂದು ಮೊದಲೇ ಮಾತಾಗಿತ್ತು, ಕೊನೆಗೂ ಅಷ್ಟೇ ಕೊಟ್ಟೆವು. ಮಾಣಿಕಟ್ಟೆಯ ಗಜನಿ ಗದ್ದೆ ಕಂಡೆವು. ಉಪ್ಪುನೀರು ತಡೆದು ನಿಲ್ಲುವ ಕಗ್ಗ ಭತ್ತ ಬೆಳೆಯುವ ಜಾಗವದು.

ಒಂದು ಕಡೆ ಎದೆಮಟ್ಟದ ನೀರಿನಲ್ಲಿ ಹೆಂಗಸರು ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುತ್ತಿದ್ದರು. ಒಬ್ಬಾಕೆ ಪಾದದಿಂದ ಕೆಸರು ತಡಕುತ್ತ ನಿಂತಿದ್ದಳು. ಚಿಪ್ಪು ತಗುಲಿತೋ, ಮುಳುಗಿ ಹಿಡಿಯಷ್ಟು ತೆಗೆದು ಸೊಂಟಕ್ಕೆ ಹಗ್ಗದಿಂದ ಕಟ್ಟಿಕೊಂಡಿದ್ದ ತೇಲುವ ಬುಟ್ಟಿಗೆ ಹಾಕುತ್ತಿದ್ದಳು. ನಮ್ಮ ದೋಣಿಯವರು ದೂರದಲ್ಲೇ ಎಂಜಿನ್ ನಿಲ್ಲಿಸಿ ಜಲ್ಲೆ ಹಿಡಿದರು. ಅಲೆಗೆ ಬುಟ್ಟಿ ಮಗುಚಿದರೆ ಅವಳ ಬೆಳಗಿನ ದುಡಿಮೆ ಹೋಗುತ್ತದೆ ಎಂದರು. ಹೊನ್ನಾವರದಲ್ಲಿ ಇದನ್ನು ಕಾಣುತ್ತೀರಾ? ಅಲ್ಲಿ ಕಾಂಡ್ಲಾ ಹೊಕ್ಕರೆ ಮುಂದೆ ಹತ್ತು ದೋಣಿ, ಹಿಂದೆ ಹತ್ತು ದೋಣಿ, ಎಲ್ಲದರಲ್ಲೂ ಹಾಡಿನ ಅಬ್ಬರ.

ಸಾಗರದಿಂದ:
ಶರಾವತಿ ಹಿನ್ನೀರಿನಲ್ಲಿ ಮರಳದಿಬ್ಬ ಎಲ್ಲಿಂದ ಬಂತು? ನಾವು ಸಿಗಂದೂರಿಗೆ ಲಾಂಚಿನಲ್ಲಿ ಎಷ್ಟು ಸಲ ಹೋಗಿಲ್ಲ! ಈಗ ಸೇತುವೆಯೂ ಆಗಿದೆ. ದುಡ್ಡು ಸುರಿಯುವುದು ಬೇಡ, ಅಲ್ಲಿಗೇ ಹೋಗಿ.

ಹೊನ್ನಾವರದಿಂದ:
ಅದು ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು, ಘಟ್ಟದ ಮೇಲಿನದು. ಇಲ್ಲಿ ಮಾತಾಡುತ್ತಿರುವುದು ಅಳಿವೆಯ ವಿಷಯ: ಹೊಳೆ ಕಡಲು ಸೇರುವ ಜಾಗ. ಈಗೀಗ ಎಲ್ಲರೂ ಎರಡನ್ನೂ ಹಿನ್ನೀರು ಎಂದು ಕರೆದು ಗೊಂದಲ ಮಾಡುತ್ತಿದ್ದಾರೆ. ಹೆಸರು ಸರಿಯಾಗಿ ತಿಳಿದು ಬರೆಯಿರಿ.

ಸಾಗರದಿಂದ:
ನಮ್ಮ ಅಜ್ಜನ ಅಡಿಕೆ ತೋಟ ಆ ನೀರಿನ ಅಡಿಯಲ್ಲಿದೆ. 1964ರಿಂದ ಮುಳುಗಿದ್ದು ಇನ್ನೂ ಮುಳುಗಿಯೇ ಇದೆ. ಅದನ್ನು ಏನೆಂದು ಕರೆಯಬೇಕೆಂದು ನನಗೆ ಕಲಿಸಬೇಡಿ.

ಹೊನ್ನಾವರದಿಂದ:
ತೋಟದ ಮಾತು ನಾನು ಎತ್ತಿರಲಿಲ್ಲ, ನೋವಾಗಿದ್ದರೆ ಕ್ಷಮಿಸಿ. ಕಳೆದುಕೊಂಡವರು ನೀವು ಮಾತ್ರವಲ್ಲ. ಆ ನೀರೇ ವಿದ್ಯುತ್ ಮಾಡಿ ಗೇರುಸೊಪ್ಪೆಯ ಅಣೆಕಟ್ಟೆ ದಾಟಿ ವರ್ಷವಿಡೀ ಇಲ್ಲಿಗೆ ಇಳಿಯುತ್ತದೆ. ಅಳಿವೆಯ ಉಪ್ಪು ತಗ್ಗಿತು, ಉಪ್ಪು ಬೇಡುವ ಬಳಚೂ ತಗ್ಗಿತು. ಶಿರಸಿಯ ಅಕ್ಕ ಇಲ್ಲಿ ಬಳಚಿನವರನ್ನು ಕಾಣಲಿಲ್ಲ ಎಂದು ಹಂಗಿಸುವ ಮೊದಲು ಇದನ್ನೂ ತಿಳಿಯಲಿ. ನನ್ನ ಅಮ್ಮ ಬಳಚು ಮಾರಿಯೇ ನಮ್ಮನ್ನು ಓದಿಸಿದ್ದು.

ಬೆಂಗಳೂರಿನಿಂದ:
ಎಲ್ಲ ಸರಿ, ನಿಂತ ಹೊತ್ತಿನ 3,600ಕ್ಕೆ ಉತ್ತರ ಯಾರೂ ಕೊಡಲಿಲ್ಲ.

ಕುಂದಾಪುರದಿಂದ:
ಮಂಡಿಯ ವಿಷಯ ಯಾರೂ ಮಾತಾಡಲಿಲ್ಲವಲ್ಲ. ಹೋದ ವರ್ಷ ಅಮ್ಮನನ್ನು ಗಂಗೊಳ್ಳಿಯ ಪಂಚಗಂಗಾವಳಿ ಹೊಳೆಗೆ ಕರೆದುಕೊಂಡು ಹೋಗಿದ್ದೆ, ಅವರಿಗೂ ಎರಡೂ ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ. ಹತ್ತುವಾಗ ನೀರು ತುಂಬಿತ್ತು, ದೋಣಿಯ ಅಂಚು ಧಕ್ಕೆಯ (ದೋಣಿ ನಿಲ್ಲುವ ಕಟ್ಟೆಯ) ಮೇಲಿನ ಮೆಟ್ಟಿಲಿಗೆ ಸಮವಾಗಿತ್ತು, ಒಂದೇ ಹೆಜ್ಜೆ. ಸಂಜೆ ಬಂದಾಗ ನೀರು ಇಳಿದು ಐದು ಮೆಟ್ಟಿಲು ಹೊರಬಿದ್ದಿದ್ದವು. ಎಲ್ಲದರ ಮೇಲೂ ಹಸಿರು ಪಾಚಿ, ಅಂಚಿನಲ್ಲಿ ಬ್ಲೇಡಿನಂಥ ಚಿಪ್ಪು. ಅಮ್ಮ ಜಾರಿ ಅಂಗೈ ಊರಿದರು, ಮೂರು ಹೊಲಿಗೆ ಬಿತ್ತು. ಆ ದಿನ ಯಾವ ನೋಟ ನೋಡಿದೆನೋ ನೆನಪಿಲ್ಲ, ಆ ಮೆಟ್ಟಿಲು ಮಾತ್ರ ಕಣ್ಣಿಗೆ ಕಟ್ಟಿದೆ.

ಯಾವ ಹೊಳೆಯಾದರೂ ಸರಿ, ಅಷ್ಟಮಿಯ ಆಸುಪಾಸಿನ ದಿನ ಇಟ್ಟುಕೊಳ್ಳಿ. ಆಗ ನೀರಿನ ಏರಿಳಿತವೇ ಕಡಿಮೆ, ಸಂಜೆ ಐದರ ಹೊತ್ತಿಗೆ ನೀರು ಮೇಲಿರುತ್ತದೆ. ನಡುಹಗಲು ಇಳಿದಾಗ ಊಟಕ್ಕೆ ಆಳವಿರುವ ಕಡೆ ದೋಣಿ ನಿಲ್ಲಿಸಲು ಹೇಳಿ. ನಿಂತ ಹೊತ್ತಿನ ಬಾಡಿಗೆ ಎಷ್ಟೆಂದು ಹತ್ತುವ ಮೊದಲೇ ಕೇಳಿ. ಕೈ ಇರುವ ಒಂದು ಪ್ಲಾಸ್ಟಿಕ್ ಕುರ್ಚಿ ಜೊತೆಗಿರಲಿ. ದೋಣಿಯ ಅಡ್ಡಹಲಗೆಯ ಮೇಲೆ ಕಾಲು ಮಡಚಿ ಇಡೀ ದಿನ ಕೂರಲು ನಿಮ್ಮ ಗೆಳೆಯರಿಗೆ ಆಗುವುದಿಲ್ಲ.