ಸಹಾಯ ಬೇಕು: ತಂಗಿಗೆ ಗರ್ಭಕೋಶದ ಕ್ಯಾನ್ಸರ್, ಹಾರ್ಮೋನ್ ಚಿಕಿತ್ಸೆ ನಡೀತಿದೆ
ಎಲ್ಲರಿಗೂ ನಮಸ್ಕಾರ. ತಂಗಿಗೆ 32 ವರ್ಷ, ಇನ್ನೂ ಮಕ್ಕಳಾಗಿಲ್ಲ. ಮೊದಲಿಂದಲೂ ಪಿಸಿಓಡಿ (ಅಂಡಾಶಯದ ಹಾರ್ಮೋನ್ ಏರುಪೇರು), ಮುಟ್ಟು ತಿಂಗಳುಗಟ್ಟಲೆ ಬರ್ತಿರಲಿಲ್ಲ, ಬಂದರೆ ನಿಲ್ತಿರಲಿಲ್ಲ. ಬಯಾಪ್ಸಿಯಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್, ಗ್ರೇಡ್ 1 (ಸಾಮಾನ್ಯವಾಗಿ ನಿಧಾನವಾಗಿ ಬೆಳೆಯೋ ಬಗೆ) ಅಂತ ಬಂದಿದೆ. ಎಂಆರ್‌ಐ ಪ್ರಕಾರ ಸ್ನಾಯುವಿಗೆ ಇಳಿದಿಲ್ಲ.

ಅಂಡೋತ್ಪತ್ತಿ ಆಗದಿದ್ದರೆ ಪ್ರೊಜೆಸ್ಟರಾನ್ ಸಾಕಷ್ಟು ಬರಲ್ಲ, ಈಸ್ಟ್ರೋಜನ್ ಒಂದೇ ಒಳಪದರವನ್ನು ಬೆಳೆಸ್ತಾ ಹೋಗುತ್ತೆ, ಮೈಕೊಬ್ಬಿನಲ್ಲೂ ಅದು ತಯಾರಾಗುತ್ತೆ ಅಂತ ಡಾಕ್ಟರು ವಿವರಿಸಿದರು. ಮಗುವಿನ ಆಸೆ ಇರೋದರಿಂದ ಸದ್ಯ ಆಪರೇಷನ್ ಬೇಡ ಅಂತ ಮೆಜೆಸ್ಟ್ರಾಲ್ (ಪ್ರೊಜೆಸ್ಟರಾನ್ ತರಹದ ಹಾರ್ಮೋನ್) ಮಾತ್ರೆ ಕೊಡ್ತಿದ್ದಾರೆ, ಮೂರು ತಿಂಗಳಿಗೊಮ್ಮೆ ಬಯಾಪ್ಸಿ. ರೋಗ ಮರುಕಳಿಸಬಹುದು, ಮಗುವಾದ ಮೇಲೆ ಗರ್ಭಕೋಶ ತೆಗೆಸೋದೇ ಒಳ್ಳೇದು ಅಂತಲೂ ಹೇಳಿದ್ದಾರೆ.

ಮಾತ್ರೆ ಶುರುವಾದ ಮೇಲೆ ವಿಪರೀತ ಹಸಿವು. ಊಟ ಮಾಡಿ ಮಲಗಿದವಳು ರಾತ್ರಿ ಹನ್ನೊಂದಕ್ಕೆ ಎದ್ದು ಆರಿದ ಮುದ್ದೆ ಮುರ್ಕೊಂಡು ತಿಂತಾಳೆ, ಬೆಳಗ್ಗೆ ತೂಕ ನೋಡಿ ಅಳ್ತಾಳೆ. ತೂಕ ಇಳಿಸಲೇಬೇಕಾದ ಕಾಯಿಲೆ ಇದು, ಅದೇ ನನ್ನ ದೊಡ್ಡ ಚಿಂತೆ.

ಈ ಚಿಕಿತ್ಸೆ ಪಡೆದು ಮಗು ಆದವರು ಯಾರಾದರೂ ಇದ್ದೀರಾ? ಹಸಿವನ್ನು ಹೇಗೆ ನಿಭಾಯಿಸಿದಿರಿ? ಮಾತ್ರೆ ಬದಲು ಮಿರೆನಾ (ಗರ್ಭಕೋಶದೊಳಗೆ ಇಡೋ ಹಾರ್ಮೋನ್ ಸಾಧನ) ಹಾಕಿಸಿಕೊಂಡವರ ಅನುಭವವೂ ಬೇಕು. ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋಣ ಅಂತಿದ್ದೀವಿ, ಬಯಾಪ್ಸಿ ಸ್ಲೈಡ್, ಬ್ಲಾಕ್ (ಮೇಣದಲ್ಲಿ ಇಟ್ಟಿರೋ ಬಯಾಪ್ಸಿ ತುಣುಕು) ಎರಡೂ ಒಯ್ಯಬೇಕಾ? ದಯವಿಟ್ಟು ಮನೆಮದ್ದು ಹೇಳಬೇಡಿ.